ಹೊಕ್ಕುಳಿಂದ ಮೂತ್ರಕೋಶದವರೆಗೆ: ಯುರೇಕಸ್ ಗಡ್ಡೆಗಳ ಪತ್ತೆ ಮತ್ತು ಶಸ್ತ್ರಚಿಕಿತ್ಸೆ

ಮೂತ್ರಕೋಶದಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳ ಪೈಕಿ ಶೇಕಡ 1ಕ್ಕಿಂತಲೂ ಕಡಿಮೆ ಪಾಲು ಯುರೇಕಸ್ ಎಂಬ ನಾಳದ ಅವಶೇಷದಲ್ಲಿ ಹುಟ್ಟುತ್ತದೆ. ಮಗು ಹುಟ್ಟುವ ಮುಂಚೆಯೇ ತನ್ನ ಕೆಲಸ ಮುಗಿಸಿ ಮುಚ್ಚಿಹೋಗಬೇಕಾದ ನಾಳ ಇದು. ಈ ಕ್ಯಾನ್ಸರು ವರ್ಷಕ್ಕೆ ಸುಮಾರು 50 ಲಕ್ಷ ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಅಂದಾಜು. ಈ ಲೆಕ್ಕವನ್ನು 2011ರ ಜನಗಣತಿಯಂತೆ 21.77 ಲಕ್ಷ ಜನರಿದ್ದ ವಿಜಯಪುರ ಜಿಲ್ಲೆಗೆ ಹಚ್ಚಿದರೆ ಇಡೀ ಜಿಲ್ಲೆಯಲ್ಲಿ ಎರಡು-ಎರಡೂವರೆ ವರ್ಷಕ್ಕೊಬ್ಬ ಹೊಸ ರೋಗಿ, 6.11 ಕೋಟಿ ಜನರಿದ್ದ ಕರ್ನಾಟಕದಲ್ಲಿ ವರ್ಷಕ್ಕೆ ಹನ್ನೆರಡರಷ್ಟು ಜನ ಎಂದಾಗುತ್ತದೆ. ತಿಕೋಟಾ ತಾಲ್ಲೂಕಿನ ಪಶ್ಚಿಮದಲ್ಲಿ, ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಮಗ್ಗುಲಿಗಿರುವ ಕನಮಡಿಯಂಥ ಊರಿನಲ್ಲಿ ತಲೆಮಾರುಗಳು ಕಳೆದರೂ ಇಂಥ ಒಬ್ಬ ರೋಗಿ ಕಾಣದಿರಬಹುದು, ಊರಿನವರು ಮೊದಲು ತೋರಿಸಿಕೊಳ್ಳುವ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಇದನ್ನು ನೋಡದೆ ನಿವೃತ್ತರಾಗಬಹುದು. ಆದರೂ ಈ ರೋಗವನ್ನು ಕುರಿತು ಬರೆಯಬೇಕಾದದ್ದು ಅದರ ವಿರಳತೆಯ ಕಾರಣಕ್ಕೇ. ಮೊದಲ ಸಲವೇ ಸರಿಯಾಗಿ ಗುರುತಿಸದಿದ್ದರೆ ಮೊದಲ ಶಸ್ತ್ರಚಿಕಿತ್ಸೆ ಅರೆಬರೆಯಾಗುತ್ತದೆ, ಹಾಗೆ ಅರೆಬರೆಯಾದದ್ದನ್ನು ಎರಡನೆಯ ಸಲ ಪೂರ್ತಿಗೊಳಿಸುವ ಅವಕಾಶ ಹಲವರಿಗೆ ಸಿಗುವುದಿಲ್ಲ.

ಗರ್ಭದಲ್ಲಿರುವ ಶಿಶುವಿನ ಮೂತ್ರಕೋಶ ಆರಂಭದಲ್ಲಿ ಈಗಿನಂತೆ ಕೆಳಹೊಟ್ಟೆಯ ತಳದಲ್ಲಿರದೆ ಹೊಕ್ಕುಳಿನವರೆಗೆ ಚಾಚಿಕೊಂಡಿರುತ್ತದೆ, ಮತ್ತು ಅದರ ಮೇಲ್ತುದಿ ಹೊಕ್ಕುಳಬಳ್ಳಿಯೊಳಗಿನ ಅಲಾಂಟೋಯಿಸ್ ಎಂಬ ಚೀಲದಂಥ ರಚನೆಯೊಂದಿಗೆ ಕೂಡಿಕೊಂಡಿರುತ್ತದೆ. ನಾಲ್ಕೈದನೆಯ ತಿಂಗಳಿನ ಹೊತ್ತಿಗೆ ಮೂತ್ರಕೋಶ ಕೆಳಗೆ ಸರಿಯುತ್ತ ಹೋದಂತೆ ಈ ಮೇಲ್ಭಾಗ ಎಳೆದು ಸಣ್ಣದಾಗಿ, ಒಳಗಿನ ರಂಧ್ರ ಮುಚ್ಚಿ, ಹೊಕ್ಕುಳಿನಿಂದ ಮೂತ್ರಕೋಶದ ನೆತ್ತಿಯವರೆಗೆ ಒಂದು ನಾರಿನ ಹುರಿಯಾಗಿ ಉಳಿಯುತ್ತದೆ. ಇದೇ ಯುರೇಕಸ್. ವಯಸ್ಕರಲ್ಲಿ ಇದರ ಉದ್ದ 3ರಿಂದ 10 ಸೆಂಟಿಮೀಟರ್. ತೊರವಿಯ ಕಡೆಯಿಂದ ವಿಜಯಪುರ ನಗರಕ್ಕೆ ನೀರು ತರುತ್ತಿದ್ದ ಆದಿಲಶಾಹಿ ಕಾಲದ ಕರೇಜ್ ಸುರಂಗಗಳಲ್ಲಿ ಈಗ ನೀರು ಹರಿಯದಿದ್ದರೂ ನೆಲದಡಿಯಲ್ಲಿ ಅಲ್ಲಲ್ಲಿ ಅವುಗಳ ಟೊಳ್ಳು ಉಳಿದಿರುವಂತೆ, ಈ ಹುರಿಯೊಳಗೂ ಟೊಳ್ಳು ಪೂರ್ತಿ ಮಾಯವಾಗಿರುವುದಿಲ್ಲ. ಶವಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದಿಂದ ಹುಡುಕಿದಾಗ ವಯಸ್ಕರ ಪೈಕಿ ಸುಮಾರು ಮೂರರಲ್ಲಿ ಒಬ್ಬರ ಮೂತ್ರಕೋಶದ ಗೋಡೆಯಲ್ಲಿ ಯುರೇಕಸ್ಸಿನ ಕೊಳವೆಯ ತುಣುಕು ಕಂಡಿದೆ. ಎಂದರೆ ಅವಶೇಷ ಇರುವುದು ರೋಗವಲ್ಲ. ಅದು ಅತಿ ಸಾಮಾನ್ಯ, ಅದರಲ್ಲಿ ಕ್ಯಾನ್ಸರು ಹುಟ್ಟುವುದು ಅತಿ ವಿರಳ.

ಯುರೇಕಸ್ ಇರುವ ಜಾಗವನ್ನು ಸರಿಯಾಗಿ ಗ್ರಹಿಸಿದರೆ ಈ ರೋಗದ ಅರ್ಧ ಸ್ವಭಾವ ತಿಳಿದಂತೆ. ಹೊಟ್ಟೆಯ ಮುಂಭಾಗದ ಸ್ನಾಯುಗಳ ಹಿಂದೆ, ಕರುಳುಗಳನ್ನು ಆವರಿಸಿರುವ ಉದರದ ಒಳಪೊರೆಯ ಮುಂದೆ, ಈ ಎರಡರ ನಡುವಿನ ಸಡಿಲ ಕೊಬ್ಬಿನ ಪದರದಲ್ಲಿ ಅದು ಹಾದುಹೋಗುತ್ತದೆ. ಅಲ್ಲಿ ಬೆಳೆಯುವ ಗಡ್ಡೆ ಕರುಳನ್ನು ಒತ್ತುವುದಿಲ್ಲ, ಮೂತ್ರದ ಹಾದಿಯನ್ನು ತಡೆಯುವುದಿಲ್ಲ, ಚರ್ಮದ ಮೇಲೂ ಬೇಗ ಕಾಣಿಸುವುದಿಲ್ಲ. ಮೂತ್ರಕೋಶದ ಗೋಡೆಯನ್ನು ಹೊರಗಿನಿಂದ ಕೊರೆದು ಒಳಪದರವನ್ನು ಸೀಳುವವರೆಗೆ ಸದ್ದಿಲ್ಲದೆ ದೊಡ್ಡದಾಗುತ್ತದೆ. ಸಾಮಾನ್ಯ ಮೂತ್ರಕೋಶ ಕ್ಯಾನ್ಸರಾದರೆ ಒಳಪದರದಲ್ಲಿ ಹುಟ್ಟಿ ಹೊರಕ್ಕೆ ಬೆಳೆಯುತ್ತದೆ, ಹಾಗಾಗಿ ಬೇಗ ರಕ್ತ ಸೋರಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ. ಯುರೇಕಸ್ ಗಡ್ಡೆಯ ದಿಕ್ಕು ಇದಕ್ಕೆ ತಿರುಗುಮುರುಗು. ಬಹುಪಾಲು ರೋಗಿಗಳಲ್ಲಿ ಮೊದಲ ಲಕ್ಷಣ ಕಾಣುವ ಹೊತ್ತಿಗೇ ಗಡ್ಡೆ ಸ್ನಾಯುಪದರವನ್ನು ದಾಟಿರುವುದು ಈ ಕಾರಣದಿಂದ.

ಯುರೇಕಸ್ಸಿನ ತೊಂದರೆಗಳೆಲ್ಲ ಕ್ಯಾನ್ಸರಲ್ಲ. ನಾಳ ಪೂರ್ತಿ ತೆರೆದೇ ಉಳಿದರೆ ಹಸುಗೂಸಿನ ಹೊಕ್ಕುಳಬಳ್ಳಿ ಬಿದ್ದ ಮೇಲೂ ಹೊಕ್ಕುಳು ಆರದೆ ಮೂತ್ರ ಜಿನುಗುತ್ತದೆ. ಎರಡು ತುದಿ ಮುಚ್ಚಿ ನಡುವೆ ಮಾತ್ರ ಟೊಳ್ಳು ಉಳಿದರೆ ನೀರಗುಳ್ಳೆಯಾಗಿ, ಅದು ಸೋಂಕಿಗೆ ತುತ್ತಾದಾಗ ಹೊಕ್ಕುಳಿನ ಕೆಳಗೆ ಕೀವು ತುಂಬಿದ ನೋವಿನ ಊತವಾಗುತ್ತದೆ. ಆರು ತಿಂಗಳೊಳಗಿನ ಶಿಶುಗಳಲ್ಲಿ ಇಂಥ ಅವಶೇಷಗಳು ತಾವಾಗಿಯೇ ಮುಚ್ಚಿಕೊಳ್ಳುವುದುಂಟು, ಆದ್ದರಿಂದ ಸೋಂಕಿಲ್ಲದಿದ್ದರೆ ಕಾದು ನೋಡುವ ಕ್ರಮವಿದೆ. ಮುಂದೆ ಕ್ಯಾನ್ಸರು ಬರಬಹುದೆಂಬ ಭಯದಿಂದ ಯಾವ ತೊಂದರೆಯೂ ಇಲ್ಲದ ಮಕ್ಕಳ ಅವಶೇಷವನ್ನು ತೆಗೆಯಬೇಕೇ ಎಂಬುದರಲ್ಲಿ ಶಸ್ತ್ರವೈದ್ಯರಲ್ಲಿ ಒಮ್ಮತವಿಲ್ಲ. ಒಂದು ಕ್ಯಾನ್ಸರನ್ನು ತಪ್ಪಿಸಲು ಸಾವಿರಾರು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ ಎಂಬ ಲೆಕ್ಕವನ್ನು ನೋಡಿದರೆ ತೆಗೆಯದಿರುವವರ ವಾದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ವಯಸ್ಕರ ವಿಷಯ ಬೇರೆ. ನಲವತ್ತು ದಾಟಿದವರ ಹೊಕ್ಕುಳು ಹೊಸದಾಗಿ ಸೋರತೊಡಗಿದರೆ, ಅಥವಾ ಅವರ ಯುರೇಕಸ್ಸಿನಲ್ಲಿ ಗಟ್ಟಿ ಅಂಶವುಳ್ಳ ಗುಳ್ಳೆ ಕಂಡರೆ ಅದನ್ನು ಕ್ಯಾನ್ಸರಲ್ಲವೆಂದು ಖಚಿತವಾಗುವವರೆಗೆ ಬಿಡುವಂತಿಲ್ಲ.

ಯುರೇಕಸ್ಸಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅಡಿನೋಕಾರ್ಸಿನೋಮ ಎಂಬ ಬಗೆಯವು, ಎಂದರೆ ಸ್ರಾವ ಸುರಿಸುವ ಗ್ರಂಥಿಕೋಶಗಳಿಂದ ಹುಟ್ಟುವಂಥವು. ಇವುಗಳಲ್ಲಿ ಬಹಳಷ್ಟು ಲೋಳೆಯನ್ನು ಉತ್ಪಾದಿಸುತ್ತವೆ. ಮೂತ್ರಕೋಶದ ಒಳಪದರದಲ್ಲಿ ಗ್ರಂಥಿಕೋಶಗಳು ಇರುವುದಿಲ್ಲವಾದರೂ ಯುರೇಕಸ್ಸಿನ ಅವಶೇಷದ ಒಳಪದರ ಕೆಲವರಲ್ಲಿ ಕರುಳಿನ ಒಳಪದರದಂತೆ ಮಾರ್ಪಡುತ್ತದೆ, ಅಲ್ಲಿಂದ ಹುಟ್ಟುವ ಕ್ಯಾನ್ಸರು ನೋಟಕ್ಕೂ ನಡತೆಗೂ ದೊಡ್ಡ ಕರುಳಿನ ಕ್ಯಾನ್ಸರನ್ನೇ ಹೋಲುತ್ತದೆ. ಫ್ರಾನ್ಸಿನ ಹ್ಯೂ ಮತ್ತು ಜಾಕೆನ್ 1863ರಲ್ಲಿ ಇಂಥ ಗಡ್ಡೆಯನ್ನು ಮೊದಲು ವರ್ಣಿಸಿದರೆಂದು ವೈದ್ಯಕೀಯ ಇತಿಹಾಸ ಹೇಳುತ್ತದೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಥಾಮಸ್ ಕಲನ್ 1916ರಲ್ಲಿ ಹೊಕ್ಕುಳಿನ ರೋಗಗಳ ಬಗೆಗೇ ಒಂದು ದೊಡ್ಡ ಗ್ರಂಥ ಬರೆದರು. 1930ರ ಸುಮಾರಿಗೆ ನ್ಯೂಜಿಲೆಂಡಿನ ಕ್ಯಾಂಬೆಲ್ ಬೆಗ್ ಮೂತ್ರಕೋಶದ ನೆತ್ತಿಯ ಲೋಳೆಗಡ್ಡೆಗಳ ಮೂಲ ಯುರೇಕಸ್ಸೇ ಎಂದು ವಾದಿಸಿ, ಹೊಕ್ಕುಳಿನಿಂದ ಮೂತ್ರಕೋಶದವರೆಗಿನ ಹಾದಿಯನ್ನೆಲ್ಲ ಒಂದೇ ತುಂಡಾಗಿ ತೆಗೆಯಬೇಕೆಂಬ ತತ್ತ್ವವನ್ನು ಮುಂದಿಟ್ಟರು. ಸುಮಾರು ನೂರು ವರ್ಷಗಳ ನಂತರವೂ ಚಿಕಿತ್ಸೆಯ ತಿರುಳು ಅದೇ ಆಗಿದೆ.

ಈ ಕ್ಯಾನ್ಸರು ಸಾಮಾನ್ಯವಾಗಿ ನಲವತ್ತರಿಂದ ಎಪ್ಪತ್ತರ ವಯಸ್ಸಿನಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ತುಸು ಹೆಚ್ಚಾಗಿ ಕಾಣುತ್ತದೆ. ಬೀಡಿ ಸಿಗರೇಟಿಗೂ ಸಾಮಾನ್ಯ ಮೂತ್ರಕೋಶ ಕ್ಯಾನ್ಸರಿಗೂ ಇರುವ ನಂಟು ಸ್ಪಷ್ಟವಾಗಿದ್ದರೆ, ಯುರೇಕಸ್ ಕ್ಯಾನ್ಸರಿಗೆ ಅಂಥ ಖಚಿತ ಕಾರಣ ಯಾವುದೂ ಸಿದ್ಧವಾಗಿಲ್ಲ. ಆದ್ದರಿಂದ ಮುಂಜಾಗ್ರತೆಯಿಂದ ತಡೆಯುವ ಮಾತು ಇಲ್ಲಿ ಬರುವುದಿಲ್ಲ, ಲಕ್ಷಣವನ್ನು ಬೇಗ ಹಿಡಿಯುವುದೊಂದೇ ಉಳಿಯುತ್ತದೆ. ಅತಿ ಹೆಚ್ಚು ಜನರಲ್ಲಿ ಕಾಣುವ ಲಕ್ಷಣ ಮೂತ್ರದಲ್ಲಿ ರಕ್ತ, ಅದೂ ಬಹುಮಟ್ಟಿಗೆ ನೋವಿಲ್ಲದೆ. ಇಲ್ಲಿಯೇ ವಿಜಯಪುರದ ಸೀಮೆಗೆ ವಿಶೇಷವಾದ ಒಂದು ಅಡಚಣೆಯಿದೆ. ಬೇಸಿಗೆಯ ಬಿಸಿಲು ಕಟುವಾಗಿರುವ, ಹೊಲದಲ್ಲಿ ಮತ್ತು ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿಯುವವರು ಸಾಕಷ್ಟು ನೀರು ಕುಡಿಯಲಾಗದ ಈ ಪ್ರದೇಶದಲ್ಲಿ ಉರಿಮೂತ್ರವೂ ಮೂತ್ರದ ಹರಳೂ ಮನೆಮನೆಯ ಮಾತು, ಹಾಗಾಗಿ ಮೂತ್ರ ಕೆಂಪಾದ ಕೂಡಲೇ ಅದನ್ನು ಉಷ್ಣವೆಂದೋ ಹರಳೆಂದೋ ತೀರ್ಮಾನಿಸಿ ಎಳನೀರು, ಬಾರ್ಲಿ ನೀರು, ಔಷಧ ಅಂಗಡಿಯ ಮಾತ್ರೆಗಳಲ್ಲಿ ವಾರಗಳನ್ನು ಕಳೆಯಲಾಗುತ್ತದೆ. ಎರಡು ದಿನಗಳಲ್ಲಿ ರಕ್ತ ನಿಂತುಹೋದರೆ ಮದ್ದು ಫಲಿಸಿತೆಂದೇ ಎಣಿಕೆ. ಕ್ಯಾನ್ಸರಿನ ರಕ್ತಸ್ರಾವವೂ ಬಂದು ನಿಂತು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಬರುವಂಥದ್ದು ಎಂಬುದನ್ನು ಹೆಚ್ಚಿನವರು ಅರಿಯರು. ಹರಳಿನ ರಕ್ತದ ಜೊತೆ ಸಾಧಾರಣವಾಗಿ ಪಕ್ಕೆ ಹಿಂಡುವ ನೋವಿರುತ್ತದೆ. ನೋವಿಲ್ಲದ ರಕ್ತವೇ ಹೆಚ್ಚು ಅನುಮಾನಕ್ಕೆ ಆಸ್ಪದ ಕೊಡಬೇಕು.

ಎರಡನೆಯ ಲಕ್ಷಣ ಮೂತ್ರದಲ್ಲಿ ಲೋಳೆ. ಇದು ಎಲ್ಲರಲ್ಲೂ ಕಾಣುವುದಿಲ್ಲ, ಆದರೆ ಕಂಡಾಗ ಯುರೇಕಸ್ಸನ್ನು ಬಲವಾಗಿ ಸೂಚಿಸುತ್ತದೆ, ಏಕೆಂದರೆ ಸಾಮಾನ್ಯ ಮೂತ್ರಕೋಶ ಕ್ಯಾನ್ಸರು ಲೋಳೆ ಬಿಡುವುದಿಲ್ಲ. ರೋಗಿಗಳು ಇದನ್ನು ಕೀವೆಂದೋ ಧಾತುವೆಂದೋ ತಿಳಿದು ನಾಚಿಕೆಯಿಂದ ಮುಚ್ಚಿಡುವ ಸಂಭವ ಹೆಚ್ಚು. ವೈದ್ಯರೇ ಬಾಯಿಬಿಟ್ಟು ಕೇಳಬೇಕು. ಹೊಕ್ಕುಳಿನ ಕೆಳಗೆ ಗಟ್ಟಿಯಾದ ಗಂಟು, ಅಲ್ಲಿಯ ಮಂದ ನೋವು, ಹೊಕ್ಕುಳಿನಿಂದ ರಕ್ತ ಅಥವಾ ಲೋಳೆ ಜಿನುಗುವುದು ಇತರ ಲಕ್ಷಣಗಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಕ್ಕುಳ ಸುತ್ತಿನ ನೋವಿಗೆ ಬಟ್ಟಿ ಸರಿದಿದೆ ಎಂದು ಹೇಳಿ ಹೊಟ್ಟೆ ತಿಕ್ಕಿಸುವ ರೂಢಿಯಿದೆ. ಬಹಳಷ್ಟು ಸಲ ಅದು ನಿರುಪದ್ರವಿಯಾದರೂ, ಕೈಗೆ ಗಂಟು ಹತ್ತುವ ಹೊಟ್ಟೆಯನ್ನು ತಿಕ್ಕಿಸಬಾರದು.

ತಪಾಸಣೆ ಸರಳ ಮೂತ್ರಪರೀಕ್ಷೆಯಿಂದ ಮತ್ತು ಸೋನೋಗ್ರಫಿಯಿಂದ ಆರಂಭವಾಗುತ್ತದೆ. ಸೋನೋಗ್ರಫಿಯನ್ನು ಮೂತ್ರಕೋಶ ತುಂಬಿರುವಾಗಲೇ ಮಾಡಿಸಬೇಕು. ಖಾಲಿಯಾದ ಮೂತ್ರಕೋಶದ ನೆತ್ತಿ ಮಡಿಚಿಕೊಂಡಿರುವುದರಿಂದ ಅಲ್ಲಿಯ ಗಡ್ಡೆ ಕಣ್ತಪ್ಪುತ್ತದೆ. ಮುಂದಿನದು ಸಿಸ್ಟೋಸ್ಕೋಪಿ, ಜನರ ಮಾತಿನಲ್ಲಿ ದುರ್ಬೀನ್ ಹಾಕಿ ನೋಡುವುದು: ಮೂತ್ರನಾಳದ ಮೂಲಕ ಬೆಳಕಿನ ಸಣ್ಣ ಕೊಳವೆಯನ್ನು ಒಳಗೆ ಬಿಟ್ಟು ಮೂತ್ರಕೋಶದ ಒಳಗೋಡೆಯನ್ನು ನೇರವಾಗಿ ಪರೀಕ್ಷಿಸುವ ಕ್ರಮ. ನೆತ್ತಿಯ ಭಾಗದಲ್ಲಿ ಅಥವಾ ಮುಂಗೋಡೆಯಲ್ಲಿ ಒಂದೇ ಗಡ್ಡೆಯಿದ್ದು, ಸುತ್ತಲಿನ ಒಳಪದರ ನಿರೋಗಿಯಾಗಿದ್ದು, ಹೊಕ್ಕುಳಿನ ಕೆಳಗೆ ಕೈಯಿಂದ ಒತ್ತಿದಾಗ ಗಡ್ಡೆಯಿಂದ ಲೋಳೆ ಹೊರಬಂದರೆ ಅನುಭವಿ ಯುರಾಲಜಿಸ್ಟರಿಗೆ ಗುರುತು ಬಹುತೇಕ ಸಿಕ್ಕಂತೆ. ಅಲ್ಲಿಂದ ಕೊಳವೆಯ ಮೂಲಕವೇ ಚೂರು ತೆಗೆದು ಬಯಾಪ್ಸಿಗೆ ಕಳಿಸಲಾಗುತ್ತದೆ. ಸಾಮಾನ್ಯ ಮೂತ್ರಕೋಶ ಗಡ್ಡೆಯೆಂದು ಭಾವಿಸಿ ಒಳಗಿನಿಂದ ಪೂರ್ತಿ ಕೆರೆದು ತೆಗೆದುಬಿಟ್ಟೆವೆಂದು ತೃಪ್ತಿಪಡುವ ಅಪಾಯವಿರುವುದೂ ಈ ಹಂತದಲ್ಲೇ. ಒಳಗೆ ಕಾಣುವುದು ಗಡ್ಡೆಯ ತುದಿ ಮಾತ್ರ. ಅದರ ಒಡಲು ಗೋಡೆಯಾಚೆ, ಹೊಕ್ಕುಳಿನ ಹಾದಿಯಲ್ಲಿರುತ್ತದೆ.

ಆ ಒಡಲನ್ನು ತೋರಿಸುವುದು ಸಿ.ಟಿ. ಸ್ಕ್ಯಾನ್. ಮೂತ್ರಕೋಶದ ಮೇಲೆ, ಹೊಟ್ಟೆಯ ನಡುಗೆರೆಯಲ್ಲಿ, ಲೋಳೆ ತುಂಬಿದ್ದರಿಂದ ಮಸುಕಾಗಿ ಕಾಣುವ ಗಡ್ಡೆಯ ಅಂಚಿನಲ್ಲಿ ಸುಣ್ಣದ ಚುಕ್ಕೆಗಳಿದ್ದರೆ ಅದು ಯುರೇಕಸ್ ಕ್ಯಾನ್ಸರಿನ ಪ್ರಬಲ ಸೂಚನೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಇಂಥ ಚುಕ್ಕೆಗಳು ಕಾಣುತ್ತವೆ. ಎಂ.ಆರ್.ಐ. ಚಿತ್ರದಲ್ಲಿ ದೇಹವನ್ನು ಪಕ್ಕದಿಂದ ಸೀಳಿ ನೋಡಿದಂತಹ ನೋಟ ದೊರೆಯುವುದರಿಂದ ಗಡ್ಡೆ ಹೊಕ್ಕುಳಿನತ್ತ ಎಷ್ಟು ಚಾಚಿದೆ ಎಂಬುದು ಸ್ಪಷ್ಟವಾಗುತ್ತದೆ. ಲೋಳೆಯಿಂದ ತುಂಬಿದ ಗಡ್ಡೆಯಲ್ಲಿ ಜೀವಂತ ಕೋಶಗಳು ಕಡಿಮೆಯಿರುವುದರಿಂದ ಮತ್ತು ಪರೀಕ್ಷೆಯ ದ್ರಾವಣ ಮೂತ್ರದಲ್ಲಿಯೇ ಹೊರಹೋಗುವುದರಿಂದ ದುಬಾರಿಯಾದ ಪೆಟ್ ಸ್ಕ್ಯಾನ್ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಬಯಾಪ್ಸಿಯ ವರದಿ ಅಡಿನೋಕಾರ್ಸಿನೋಮ ಎಂದು ಬಂದಾಗ ಪತ್ತೆ ಮುಗಿದಂತಲ್ಲ, ನಿಜವಾದ ಪತ್ತೆ ಆಗ ಆರಂಭವಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರು ಮೂತ್ರಕೋಶಕ್ಕೆ ಹಬ್ಬಿದ್ದರೂ ಸೂಕ್ಷ್ಮದರ್ಶಕದಡಿ ಹೀಗೆಯೇ ಕಾಣುತ್ತದೆ. ಗರ್ಭಾಶಯ, ಅಂಡಾಶಯ, ಪ್ರೊಸ್ಟೇಟ್, ಜಠರಗಳಿಂದ ಹಬ್ಬಿದ ಕ್ಯಾನ್ಸರೂ ಹೀಗಿರಬಹುದು. ರೋಗಶಾಸ್ತ್ರಜ್ಞರು ಕೋಶಗಳಿಗೆ ವಿಶೇಷ ಬಣ್ಣದ ಪರೀಕ್ಷೆಗಳನ್ನು ಮಾಡುತ್ತಾರಾದರೂ ಕರುಳಿನ ಗುರುತುಗಳು ಯುರೇಕಸ್ ಗಡ್ಡೆಯಲ್ಲೂ ಕಾಣುವುದರಿಂದ ಬಣ್ಣಗಳು ಮಾತ್ರವೇ ತೀರ್ಪು ಕೊಡಲಾರವು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಕೊಲೊನೋಸ್ಕೋಪಿ ಮಾಡಿ ದೊಡ್ಡ ಕರುಳನ್ನು ಕಣ್ಣಾರೆ ನೋಡಬೇಕು, ಹೆಂಗಸರಲ್ಲಿ ಅಂಡಾಶಯವನ್ನು ಪರೀಕ್ಷಿಸಬೇಕು, ಎದೆಯ ಸ್ಕ್ಯಾನಿನಿಂದ ಶ್ವಾಸಕೋಶಕ್ಕೆ ಹಬ್ಬಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂತ್ರದಲ್ಲಿ ರಕ್ತ ಬಂದದ್ದಕ್ಕೆ ಕರುಳಿಗೇಕೆ ದುರ್ಬೀನ್ ಎಂದು ರೋಗಿಯ ಮನೆಯವರು ಕೇಳುವುದು ಸಹಜ, ಉತ್ತರ ಇದು. ಸಿ.ಇ.ಎ., ಸಿ.ಎ. 19-9 ಎಂಬ ರಕ್ತಪರೀಕ್ಷೆಗಳು ರೋಗವನ್ನು ಪತ್ತೆಮಾಡಲು ಸಾಲವು, ಆದರೆ ಆರಂಭದಲ್ಲಿ ಏರಿದ್ದರೆ ಚಿಕಿತ್ಸೆಯ ನಂತರ ರೋಗ ಮರುಕಳಿಸುವುದನ್ನು ಮೊದಲೇ ತಿಳಿಯಲು ಅನುಕೂಲವಾಗುತ್ತವೆ. ರೋಗದ ಹಂತಗಳನ್ನು ಗುರುತಿಸಲು 1984ರಲ್ಲಿ ಶೆಲ್ಡನ್ ಮತ್ತು ಸಂಗಡಿಗರು ರೂಪಿಸಿದ ಕ್ರಮವೂ 2006ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಮುಂದಿಟ್ಟ ಇನ್ನಷ್ಟು ಸರಳವಾದ ಕ್ರಮವೂ ಬಳಕೆಯಲ್ಲಿವೆ.

ದೂರಕ್ಕೆ ಹಬ್ಬದ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ಅದರ ನಿಯಮ ಒಂದೇ ವಾಕ್ಯದ್ದು: ಹೊಕ್ಕುಳು, ಯುರೇಕಸ್ಸಿನ ಇಡೀ ಹುರಿ, ಅದರ ಸುತ್ತಲಿನ ಕೊಬ್ಬು, ಹಿಂದಿನ ಉದರಪೊರೆಯ ಭಾಗ, ಮುಂದಿನ ಸ್ನಾಯುವಿನ ಹಿಂಪದರ ಮತ್ತು ಮೂತ್ರಕೋಶದ ನೆತ್ತಿ ಇವೆಲ್ಲವೂ ನಡುವೆ ಎಲ್ಲಿಯೂ ತುಂಡಾಗದೆ ಒಂದಾಗಿ ಹೊರಬರಬೇಕು. ಹೊಟ್ಟೆಯ ನಡುಗೆರೆಯಲ್ಲಿ ಹೊಕ್ಕುಳನ್ನು ಸುತ್ತುವರಿದು ಗಾಯ ಮಾಡಿ, ಹೊಕ್ಕುಳು ಹುರಿಗೆ ಅಂಟಿಕೊಂಡೇ ಇರುವಂತೆ ಬಿಡಿಸಿ, ಎರಡು ಮಗ್ಗುಲಿನ ಹಳೆಯ ಹೊಕ್ಕುಳ ರಕ್ತನಾಳಗಳ ಗೆರೆಗಳನ್ನು ಎಲ್ಲೆಯಾಗಿಟ್ಟುಕೊಂಡು ತ್ರಿಕೋನಾಕಾರದ ಭಾಗವನ್ನು ಮೇಲಿನಿಂದ ಕೆಳಕ್ಕೆ ಮೂತ್ರಕೋಶದವರೆಗೆ ಇಳಿಸಿಕೊಂಡು ಬರಲಾಗುತ್ತದೆ. ಅನಂತರ ಗಡ್ಡೆಯಿಂದ ದೂರದಲ್ಲಿ ಮೂತ್ರಕೋಶವನ್ನು ತೆರೆದು, ಗಡ್ಡೆಯ ಸುತ್ತ ಸುಮಾರು 2 ಸೆಂಟಿಮೀಟರಿನಷ್ಟು ಆರೋಗ್ಯಕರ ಗೋಡೆಯನ್ನು ಸೇರಿಸಿ ಕತ್ತರಿಸಲಾಗುತ್ತದೆ. ಮೂತ್ರಕೋಶದ ಒಳಗೆ ಸಿಸ್ಟೋಸ್ಕೋಪಿನ ಬೆಳಕು ಬಿಟ್ಟು ಹೊರಗಿನಿಂದ ಆ ಬೆಳಕನ್ನು ನೋಡುತ್ತ ಎಲ್ಲೆ ಗುರುತಿಸಿಕೊಳ್ಳುವುದು ಹಲವು ಶಸ್ತ್ರವೈದ್ಯರ ಪದ್ಧತಿ. ಕತ್ತರಿಸಿದ ಅಂಚಿನ ಚೂರುಗಳನ್ನು ಆಗಲೇ ಹೆಪ್ಪುಗಟ್ಟಿಸಿ ಪರೀಕ್ಷಿಸಿ, ಅಂಚಿನಲ್ಲಿ ಕ್ಯಾನ್ಸರು ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಕರಗುವ ದಾರದಿಂದ ಮೂತ್ರಕೋಶವನ್ನು ಎರಡು ಪದರಗಳಲ್ಲಿ ಹೊಲಿಯಲಾಗುತ್ತದೆ, ಜೊತೆಗೆ ಸೊಂಟದ ಒಳಗಿನ ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸುವುದು ವಾಡಿಕೆ. ಮೂತ್ರಕೋಶದ ಹೊಲಿಗೆ ಮಾಯುವವರೆಗೆ, ಸಾಧಾರಣವಾಗಿ ಒಂದರಿಂದ ಎರಡು ವಾರ, ಕ್ಯಾಥೆಟರ್ ಇರುತ್ತದೆ. ಚಿಕ್ಕದಾದ ಮೂತ್ರಕೋಶ ಕೆಲವು ತಿಂಗಳಲ್ಲಿ ಹಿಗ್ಗಿ ಹೊಂದಿಕೊಳ್ಳುವುದರಿಂದ ಮೊದಲು ಕಾಡುವ ಪದೇ ಪದೇ ಮೂತ್ರದ ಅವಸರ ಕಡಿಮೆಯಾಗುತ್ತದೆ.

ಒಡೆಯದಂತೆ ತೆಗೆಯುವುದರ ಮೇಲೆ ಇಷ್ಟು ಒತ್ತು ಏಕೆಂದರೆ ಲೋಳೆ ತುಂಬಿದ ಗಡ್ಡೆ ಹರಿದರೆ ಕ್ಯಾನ್ಸರ್ ಕೋಶಗಳು ಲೋಳೆಯೊಂದಿಗೆ ಹೊಟ್ಟೆಯೊಳಗೆಲ್ಲ ಹರಡಿ, ಮುಂದೆ ಹೊಟ್ಟೆ ತುಂಬ ಲೋಳೆಗಡ್ಡೆಗಳೇ ಬೆಳೆಯುವ ದುಃಸ್ಥಿತಿ ಬರಬಹುದು. ಸೂಜಿ ಚುಚ್ಚಿ ಹೊರಗಿನಿಂದ ಬಯಾಪ್ಸಿ ತೆಗೆಯಲು ಹಿಂಜರಿಯುವುದೂ ಇದೇ ಭಯದಿಂದ. ಹೊಕ್ಕುಳು ಕಳೆದುಕೊಳ್ಳುವುದು ರೋಗಿಗಳಿಗೆ, ವಿಶೇಷವಾಗಿ ಕಿರಿಯರಿಗೆ, ಇಷ್ಟವಾಗದ ಸಂಗತಿಯಾದರೂ, ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ರೋಗಿಗಳಲ್ಲಿ ದೀರ್ಘಕಾಲ ಬದುಕಿದವರ ಪೈಕಿ ಬಹುಪಾಲು ಜನ ಹೊಕ್ಕುಳೂ ಸೇರಿದಂತೆ ಇಡೀ ಹಾದಿಯನ್ನು ತೆಗೆಸಿಕೊಂಡವರೇ ಆಗಿದ್ದರು. ಹೊಕ್ಕುಳಿನ ಆಕಾರವನ್ನು ಚರ್ಮದಿಂದ ಮತ್ತೆ ರೂಪಿಸಬಹುದು. ಹಿಂದೆ ಕೆಲವೆಡೆ ಇಡೀ ಮೂತ್ರಕೋಶವನ್ನೇ ತೆಗೆದು, ಸಣ್ಣ ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೆ ಮೂತ್ರದ ದ್ವಾರ ಮಾಡುವ ಕ್ರಮವಿತ್ತು. ಅಂಚು ಶುದ್ಧವಾಗಿ ಬರುವಂತಿದ್ದರೆ ಮೂತ್ರಕೋಶದ ಭಾಗವನ್ನಷ್ಟೇ ತೆಗೆದವರೂ ಅಷ್ಟೇ ಕಾಲ ಬದುಕುತ್ತಾರೆಂದು ತಿಳಿದ ಮೇಲೆ ದೊಡ್ಡ ಶಸ್ತ್ರಚಿಕಿತ್ಸೆ ದೊಡ್ಡ ಗಡ್ಡೆಗಳಿಗೆ ಮಾತ್ರ ಮೀಸಲಾಗಿದೆ. ಲ್ಯಾಪರೋಸ್ಕೋಪಿ ಮತ್ತು ರೋಬೋಟ್ ನೆರವಿನಿಂದಲೂ ಇದನ್ನು ಮಾಡಬಹುದು, ಗಾಯ ಚಿಕ್ಕದು, ಚೇತರಿಕೆ ಬೇಗ. ಆದರೆ ಗಾಯ ಚಿಕ್ಕದಾಗಬೇಕೆಂದು ಹೊಕ್ಕುಳನ್ನು ಉಳಿಸಿ, ಹುರಿಯನ್ನು ನಡುವೆ ಕತ್ತರಿಸಿದರೆ ಅದು ಲಾಭವಲ್ಲ.

ಮೇಯೊ ಕ್ಲಿನಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 66 ರೋಗಿಗಳಿದ್ದರು, ಅವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ದಾಟಿದರು. ಜಗತ್ತಿನ ಹೆಸರಾಂತ ಆಸ್ಪತ್ರೆಯೊಂದು ಹಲವು ದಶಕಗಳಲ್ಲಿ ಕಂಡ ರೋಗಿಗಳ ಸಂಖ್ಯೆಯೇ ಇಷ್ಟಿರುವಾಗ, ಬೇರೆ ಬೇರೆ ಚಿಕಿತ್ಸೆಗಳನ್ನು ಸಮಗುಂಪುಗಳಲ್ಲಿ ಹೋಲಿಸಿ ನೋಡುವ ದೊಡ್ಡ ಪ್ರಯೋಗಗಳು ನಡೆದಿಲ್ಲದಿರುವುದು ಸಹಜ. ಗಡ್ಡೆ ಯುರೇಕಸ್ ಮತ್ತು ಮೂತ್ರಕೋಶದ ಮಿತಿಯಲ್ಲಿದ್ದು ಅಂಚು ಶುದ್ಧವಾಗಿ ಬಂದವರ ಭವಿಷ್ಯ ಚೆನ್ನಾಗಿದೆ. ಅಂಚಿನಲ್ಲಿ ಕ್ಯಾನ್ಸರು ಉಳಿದವರದು, ದುಗ್ಧಗ್ರಂಥಿಗೆ ಹಬ್ಬಿದವರದು ಹಾಗಿಲ್ಲ. ಮರುಕಳಿಸುವಿಕೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ ಆಗುವುದರಿಂದ ಆ ಅವಧಿಯಲ್ಲಿ ಸ್ಕ್ಯಾನ್ ಮತ್ತು ಸಿಸ್ಟೋಸ್ಕೋಪಿಗಳನ್ನು ತಪ್ಪಿಸುವಂತಿಲ್ಲ. ಹಬ್ಬಿದ ರೋಗಕ್ಕೆ ಕೊಡುವ ಕೀಮೋಥೆರಪಿ ಮೂತ್ರಕೋಶದ ಕ್ಯಾನ್ಸರಿಗಿಂತ ಕರುಳಿನ ಕ್ಯಾನ್ಸರಿನದನ್ನು ಹೋಲುತ್ತದೆ: 5-ಫ್ಲೋರೋಯುರಾಸಿಲ್ ಮತ್ತು ಪ್ಲಾಟಿನಂ ಬಗೆಯ ಔಷಧಗಳ ಜೋಡಣೆ. ವಿಕಿರಣ ಚಿಕಿತ್ಸೆಯ ಪಾತ್ರ ಸಣ್ಣದು.

ಕನಮಡಿಯಿಂದ ಹೊರಡುವ ರೋಗಿಗೆ ಹತ್ತಿರದ ದೊಡ್ಡ ನೆಲೆ ವಿಜಯಪುರ. ಅಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ಆರಂಭಿಸಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಯುರಾಲಜಿ ವಿಭಾಗವಿದೆ. ಸೋನೋಗ್ರಫಿ, ಸಿಸ್ಟೋಸ್ಕೋಪಿ, ಸಿ.ಟಿ., ಬಯಾಪ್ಸಿಗಳಿಗೆ ಜಿಲ್ಲೆಯಾಚೆ ಹೋಗಬೇಕಿಲ್ಲ. ಗಡಿಭಾಗದವರಲ್ಲಿ ಕೆಲವರು ಜತ್ತಿನ ಹಾದಿಯಾಗಿ ಮಿರಜಕ್ಕೋ ಸೊಲ್ಲಾಪುರಕ್ಕೋ ಹೋಗುವುದೂ ಇದೆ. ಕ್ಯಾನ್ಸರೆಂದು ಖಚಿತವಾದ ಮೇಲೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕಡೆ ಶಸ್ತ್ರವೈದ್ಯರು, ರೋಗಶಾಸ್ತ್ರಜ್ಞರು, ಕೀಮೋಥೆರಪಿ ತಜ್ಞರು ಒಟ್ಟಾಗಿ ಕುಳಿತು ನಿರ್ಧರಿಸುವುದು ಇಂಥ ವಿರಳ ರೋಗಕ್ಕೆ ಮೇಲು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆ ಇದೆ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು.

ಊರಿನಿಂದ ಊರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವಾಗ ರೋಗಿಯ ಮನೆಯವರು ವರದಿಯ ಕಾಗದವನ್ನಷ್ಟೇ ಒಯ್ದರೆ ಸಾಲದು. ಮೊದಲ ಆಸ್ಪತ್ರೆಯಿಂದ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನು, ಮೇಣದಲ್ಲಿಟ್ಟ ಅಂಗಾಂಶದ ಬ್ಲಾಕನ್ನು ಮತ್ತು ಸಿ.ಟಿ. ಚಿತ್ರಗಳ ಸಿ.ಡಿ.ಯನ್ನು ಕೇಳಿ ಪಡೆದು ಜೊತೆಗೆ ಕೊಂಡೊಯ್ಯಬೇಕು. ಗಡ್ಡೆ ಯುರೇಕಸ್ಸಿನದೋ ಕರುಳಿನದೋ ಎಂಬ ತೀರ್ಮಾನವನ್ನು ಎರಡನೆಯ ಆಸ್ಪತ್ರೆಯ ವೈದ್ಯರು ಇವುಗಳನ್ನು ನೋಡಿಯೇ ಮಾಡುತ್ತಾರೆ.